ಸೋಮವಾರದ ಕೆಂಪು ಚುಕ್ಕೆ

ನಾನು ಕೆಲಸಕ್ಕಿದ್ದ ಸಂಸ್ಥೆಗೆ ಮೂರು ಅಂಗಡಿಗಳು. ಕಡೂರಿನದು ದೊಡ್ಡದು. ತರೀಕೆರೆಯಲ್ಲೊಂದು, ಅಜ್ಜಂಪುರದಲ್ಲೊಂದು. ಕೊಳವೆಬಾವಿಯ ಮೋಟಾರು, ಪಂಪು, ಪೈಪು, ಕೇಬಲ್ಲು ಮಾರುವುದು ಮತ್ತು ಸುಟ್ಟ ಮೋಟಾರಿಗೆ ಹೊಸದಾಗಿ ತಂತಿ ಸುತ್ತಿಕೊಡುವುದು ಅವರ ವ್ಯಾಪಾರ. ಡಿಪ್ಲೊಮಾ ಮುಗಿಸಿ ಅಲ್ಲಿಗೆ ಸೇರಿದ ನನ್ನನ್ನು ಮೂರೂ ಕಡೆ ‘ಕಂಪ್ಯೂಟರ್ ಹುಡುಗಿ’ ಎಂದೇ ಕರೆಯುತ್ತಿದ್ದರು. ಹೆಸರು ಹಿಡಿದು ಕರೆದವರನ್ನು ಒಂದು ಕೈಯ ಬೆರಳಲ್ಲಿ ಎಣಿಸಬಹುದಿತ್ತು. ಎಣಿಸಿ ಬರೆದೂ ಇಟ್ಟಿದ್ದೆ. ಆಗ ಎಲ್ಲವನ್ನೂ ತಾರೀಖು ಹಾಕಿ ಬರೆದಿಡುವ ಚಾಳಿ ನನಗೆ.

ಯಜಮಾನರು ಕಡೂರಿನಲ್ಲಿ ಕೂರುತ್ತಿದ್ದರು. ತರೀಕೆರೆಗೆ ಸಂಬಳದ ಮ್ಯಾನೇಜರ್. ಅಜ್ಜಂಪುರದ ಅಂಗಡಿ ನೋಡಿಕೊಳ್ಳುತ್ತಿದ್ದವರು ಯಜಮಾನರ ಅಕ್ಕನ ಗಂಡ. ಕೆಲಸದವರೆಲ್ಲ ಅವರನ್ನು ಭಾವನವರು ಎನ್ನುತ್ತಿದ್ದುದರಿಂದ ನಾನೂ ಹಾಗೆಯೇ ಕರೆದೆ. ಯಜಮಾನರ ತಂದೆ ವ್ಯಾಪಾರ ಶುರು ಮಾಡಿದ್ದು ಅಜ್ಜಂಪುರದಲ್ಲೇ. ಅವರು ತೀರಿಕೊಂಡ ಮೇಲೆ ಮಗ ಕಡೂರಿಗೆ ಹೋಗಿ ಬೆಳೆದರು, ಅಳಿಯ ಹಳೆಯ ಅಂಗಡಿಯಲ್ಲಿ ಉಳಿದರು. ಆ ಅಂಗಡಿ ಯಾರದು ಎಂಬುದನ್ನು ಯಾರೂ ಬರೆದು ಇಟ್ಟಿರಲಿಲ್ಲ. ಎಲ್ಲರೂ ಒಂದೇ ಮನೆಯವರು ಎಂಬ ಮಾತಿನ ಮೇಲೆ ಅಷ್ಟು ವರ್ಷ ನಡೆದಿತ್ತು.

ಅವರ ನಿಜವಾದ ಆಸ್ತಿ ಗೋಡೌನಿನಲ್ಲಿ ಇರಲಿಲ್ಲ. ಯಾವ ಹಳ್ಳಿಯ ಯಾರ ಜಮೀನಿನಲ್ಲಿ ಬೋರು ಎಷ್ಟು ಅಡಿ, ಮೋಟಾರು ಎಷ್ಟು ಅಡಿಗೆ ಇಳಿದಿದೆ, ಕೇಬಲ್ಲು ಎಷ್ಟು ಉದ್ದ, ಎಷ್ಟು ಸಲ ಸುಟ್ಟಿದೆ, ಈ ವಿವರವೆಲ್ಲ ಕಂಪ್ಯೂಟರಿನಲ್ಲಿತ್ತು. ರೈತ ಫೋನು ಮಾಡಿ ‘ಮೋಟ್ರು ನಿಂತೋಯ್ತು ಕಣಪ್ಪ’ ಎಂದರೆ ಸಾಕು, ಏನೇನು ಸಾಮಾನು ತುಂಬಿಕೊಂಡು ಹೊರಡಬೇಕೆಂದು ಹುಡುಗರಿಗೆ ಗೊತ್ತಾಗುತ್ತಿತ್ತು. ಬೇರೆ ಅಂಗಡಿಯವರು ಅಲ್ಲಿಗೆ ಹೋಗಿ ನೋಡಿಕೊಂಡು ಮತ್ತೆ ಬರಬೇಕು. ಆ ಮಾಹಿತಿ ಯಾರ ಕೈಯಲ್ಲಿದೆಯೋ ವ್ಯಾಪಾರ ಅವರದು.

ಈ ಮಾಹಿತಿ ಇದ್ದ ಹಳೆಯ ಯಂತ್ರಗಳ ಆಪರೇಟಿಂಗ್ ಸಿಸ್ಟಮ್‌ಗೆ ಕಂಪನಿಯವರು ಭದ್ರತಾ ಅಪ್‌ಡೇಟ್ ಕೊಡುವುದನ್ನು ನಿಲ್ಲಿಸಿದ್ದರು. ಹಾಗಾಗಿ ಮೂರು ಕಡೆಗೂ ಹೊಸ ಸರ್ವರ್ ಹಾಕಿ, ಮೂರನ್ನೂ ಒಂದೇ ಜಾಲಕ್ಕೆ ಸೇರಿಸಿ, ಕಡೂರಿನಲ್ಲಿ ಕೂತೇ ನಿಭಾಯಿಸುವಂತೆ ಮಾಡುವ ಕೆಲಸ ನನ್ನ ಪಾಲಿಗೆ ಬಂತು. ಏನೇ ಹೊಸದನ್ನು ಹಾಕುವುದಾದರೂ ಮೊದಲು ಕಡೂರಿನ ಒಂದು ಬಿಡಿ ಯಂತ್ರದಲ್ಲಿ ಹಾಕಿ ನೋಡುತ್ತಿದ್ದೆ. ಸರಿಹೋದರೆ ತರೀಕೆರೆಗೆ, ಒಂದು ವಾರ ಬಿಟ್ಟು ಅಜ್ಜಂಪುರಕ್ಕೆ. ಯಾವುದಕ್ಕೆ ಏನು ಹಾಕಿದೆ, ಯಾವ ತಾರೀಖು, ಎಲ್ಲಿ ತಪ್ಪಿತು ಎಂದು ಪ್ರತಿ ಸಂಜೆ ಬರೆಯುತ್ತಿದ್ದೆ. ಕೆಲಸ ಎಡವಟ್ಟಾದರೆ ಮೂರೂ ಅಂಗಡಿಗಳ ಮುಖ್ಯಸ್ಥರಿಗೆ ಒಟ್ಟಿಗೆ ಮೇಲ್ ಕಳಿಸಬೇಕೆಂಬ ನಿಯಮವನ್ನು ನಾನೇ ಮಾಡಿಕೊಂಡಿದ್ದೆ.

ತರೀಕೆರೆಯವರಿಗೆ ಮೊದಲ ದಿನದಿಂದ ನನ್ನ ಮೇಲೆ ಅನುಮಾನ. ಒಂದು ಮಧ್ಯಾಹ್ನ ಕಡೂರಿನಿಂದಲೇ ಅವರ ಪರದೆಗೆ ಹೊಕ್ಕು ಪ್ರಿಂಟರ್ ಸರಿಮಾಡುತ್ತಿದ್ದೆ. ಬಿಲ್ ಹಾಕುವವಳು ಫೋನಿನಲ್ಲಿ ಕಿರುಚಿದಳು: “ಅಯ್ಯೋ, ಮೌಸಿನ ಬಾಣ ತಾನ್ ತಾನೇ ಓಡಾಡ್ತೈತೆ ಕಣ್ರೀ!” ನಾನೇ ಓಡಿಸುತ್ತಿರುವುದು ಎಂದೆ. “ಹಂಗಾದ್ರೆ ನಾವು ಊಟ ಮಾಡೋದೂ ಕಾಣ್ತದಾ ನಿಮ್ಗೆ?” ಎಂದಳು. ಕಾಣುವುದಿಲ್ಲ ಎಂದು ಎಷ್ಟು ಹೇಳಿದರೂ ಮುಂದಿನ ಸಲ ಹೋದಾಗ ಅವಳ ಕಂಪ್ಯೂಟರಿನ ಕ್ಯಾಮೆರಾದ ಕಣ್ಣಿನ ಮೇಲೆ ಒಂದು ಹಣೆಬೊಟ್ಟು ಅಂಟಿತ್ತು. ಕೆಂಪನೆಯ, ಕಲ್ಲಿನ ಬೊಟ್ಟು.

ಭಾವನವರು ಹಾಗೆಲ್ಲ ಬೊಟ್ಟು ಅಂಟಿಸುವವರಲ್ಲ, ನೇರ ಕೇಳಿದರು. ನಾನು ಅಜ್ಜಂಪುರದಲ್ಲಿ ಸರ್ವರ್ ಕೂರಿಸಿದ್ದು ಒಂದು ಬುಧವಾರ. ಮುಂದಿನ ಅಂಗಡಿ ಕಿರಿದು, ಬಿಸಿಲು ನೇರ ಬೀಳುತ್ತದೆ ಎಂದು ಹಿಂದಿನ ವರ್ಕ್‌ಶಾಪಿನ ತಂಪಾದ ಮೂಲೆಯಲ್ಲಿ ಇಟ್ಟೆ. ಅವರು ಕೈಕಟ್ಟಿ ನಿಂತು ನೋಡುತ್ತಿದ್ದರು.

“ಏನಮ್ಮಾ, ಇದು ಬಂದ್ಮೇಲೆ ನನ್ನಂಗ್ಡಿ ಬಾಗ್ಲನ್ನ ಕಡೂರಲ್ಲಿ ಕೂತ್ಕೊಂಡೇ ಹಾಕ್ಬೋದು ಅನ್ನು.”

“ಬಾಗಿಲು ಹಾಕೋಕಾಗಲ್ಲ ಸರ್.”

“ಬಾಗ್ಲು ಬಿಡು. ನನ್ ಹೆಸ್ರು ತೆಗ್ದಾಕಿದ್ರೆ ನಾನು ಒಂದು ಬಿಲ್ ಹಾಕಕ್ಕಾಗ್ತದಾ? ರೈತರ ಬೋರಿನ ಲೆಕ್ಕ ನೋಡಕ್ಕಾಗ್ತದಾ?”

ಆಗುವುದಿಲ್ಲ ಎಂದೆ. ಕೇಳಿದ್ದಕ್ಕೆ ಸುಳ್ಳು ಹೇಳುವುದು ಹೇಗೆ? “ಹೆಸರು ತೆಗೆಯೋದು ಯಜಮಾನರು ಹೇಳಿದರೆ ಮಾತ್ರ” ಎಂದು ಸೇರಿಸಿದೆ. ಅದು ಸಮಾಧಾನದ ಮಾತೆಂದು ನಾನು ತಿಳಿದಿದ್ದೆ. ಅವರು ಒಮ್ಮೆ ನಕ್ಕರು. ಆಮೇಲೆ ನನಗೆ ಕಾಫಿ ತರಿಸಿದರು.

ಕಡೂರಿನಲ್ಲಿ ನನ್ನ ಮೇಜಿನ ಎದುರು ಗೋಡೆಗೆ ಒಂದು ಪರದೆ ಹಾಕಿಸಿದ್ದೆ. ಅದರಲ್ಲಿ ಮೂರು ಚುಕ್ಕೆ, ಅಂಗಡಿಗೊಂದು. ಸರ್ವರ್ ಓಡುತ್ತಿದ್ದರೆ ಹಸಿರು, ನಿಂತರೆ ಕೆಂಪು. ಯಜಮಾನರಿಗೆ ಅದು ಬಹಳ ಇಷ್ಟವಾಯಿತು. ಬಂದವರಿಗೆಲ್ಲ ತೋರಿಸುತ್ತಿದ್ದರು. ಹಾಗಾಗಿ ಸೋಮವಾರದ ಕೆಂಪನ್ನು ನನಗಿಂತ ಮೊದಲು ಕಂಡವರು ಅವರೇ.

“ಅಜ್ಜಂಪುರ ಯಾಕಮ್ಮಾ ಕೆಂಪು? ಹೋದ್ ಸೋಮ್ವಾರಾನೂ ಹಿಂಗೇ ಇತ್ತಲ್ಲ.”

ಕರೆಂಟು ಹೋಗಿರಬಹುದು ಎಂದೆ. ಆದರೆ ಮುಂದಿನ ಅಂಗಡಿಯ ಎರಡು ಕಂಪ್ಯೂಟರುಗಳು ಓಡುತ್ತಲೇ ಇದ್ದವು. ಅಲ್ಲಿಯ ಸರ್ವರ್ ಸಿಗದಿದ್ದರೆ ಅವು ತಾವಾಗಿಯೇ ಕಡೂರಿನದಕ್ಕೆ ಬರುವಂತೆ ನಾನೇ ಮಾಡಿದ್ದೆ. ಸ್ವಲ್ಪ ನಿಧಾನವಾದರೂ ಬಿಲ್ಲು ನಡೆಯುತ್ತಿತ್ತು. ಅದಕ್ಕೇ ಅಜ್ಜಂಪುರದಿಂದ ದೂರು ಬಂದಿರಲಿಲ್ಲ. ಇಡೀ ಕಟ್ಟಡದಲ್ಲಿ ಸರ್ವರ್ ಒಂದಕ್ಕೇ ಕರೆಂಟು ಹೋಗುತ್ತಿತ್ತು. ಸೋಮವಾರ ಬೆಳಿಗ್ಗೆ ಅಂಗಡಿ ತೆಗೆದು ಸ್ವಲ್ಪ ಹೊತ್ತಿಗೆ ನಿಂತರೆ ಮಂಗಳವಾರ ಬೆಳಿಗ್ಗೆಯೇ ಮತ್ತೆ ಶುರು. ಆ ತಿಂಗಳಲ್ಲಿ ನಾಲ್ಕು ಸೋಮವಾರ, ನಾಲ್ಕೂ ಕೆಂಪು.

ಭಾವನವರಿಗೆ ಫೋನು ಮಾಡಿದೆ. “ಸರ್, ಸೋಮವಾರ ಅಲ್ಲಿ ಕರೆಂಟ್ ಹೋಗುತ್ತಾ?”

“ಇಲ್ವಲ್ಲ. ಯಾಕೆ, ಯಾರ್ ಕೇಳಿದ್ರು?”

“ಯಾರೂ ಇಲ್ಲ, ನಾನೇ ಕೇಳ್ತಿದೀನಿ.”

“ನೀನೇ ಕೇಳ್ತಿದೀಯ.” ಅವರು ನನ್ನ ಮಾತನ್ನೇ ತಿರುಗಿ ಹೇಳಿದರು. “ಎಲ್ಲ ಸರಿ ಐತೆ ಅಂತ ಹೇಳಮ್ಮ, ಕೇಳ್ದೋರಿಗೆ.”

ಆ ಸಂಜೆ ಯಜಮಾನರು ಬರೆದು ಕೊಡು ಎಂದಿದ್ದರಿಂದ ಅವರೊಬ್ಬರಿಗೇ ಮೇಲ್ ಕಳಿಸಿದೆ. ಸರ್ವರಿನ ದಾಖಲೆಯ ಪ್ರಕಾರ ವಿದ್ಯುತ್ ಹಠಾತ್ತಾಗಿ ಕಡಿತವಾಗಿದೆ, ಉಳಿದ ಯಂತ್ರಗಳಿಗೆ ಆಗಿಲ್ಲ, ಆದ್ದರಿಂದ ಯಾರೋ ಕೈಯಿಂದಲೇ ನಿಲ್ಲಿಸುತ್ತಿದ್ದಾರೆ ಎಂದು. ಒಂದು ತಪ್ಪು ಅಕ್ಷರವೂ ಅದರಲ್ಲಿ ಇರಲಿಲ್ಲ. ಮರುದಿನ ಯಜಮಾನರು ನನ್ನನ್ನು ಒಳಕೋಣೆಗೆ ಕರೆದು ಬಾಗಿಲು ಮುಂದೆ ಮಾಡಿದರು.

“ಶಿವನಿ ರೋಡಲ್ಲಿ ನಮ್ಮ ಭಾವ ಹೊಸ ಮಳಿಗೆ ನೋಡವ್ನೆ ಅಂತ ಸುದ್ದಿ. ಯಂತ್ರ ನಿಲ್ಸಿ ಡಿಸ್ಕು ಬಿಚ್ಚಿ ಕಾಪಿ ಮಾಡ್ಕೋಬೋದಾ?”

“ಮಾಡಬಹುದು ಸರ್. ಆದರೆ ನಿಲ್ಲಿಸದೇನೂ ಮಾಡಬಹುದು.”

“ಮಾಡ್ಬೋದು ಅಂದ್ಯಲ್ಲ, ಅಷ್ಟು ಸಾಕು.” ಅವರು ಎರಡನೆಯ ವಾಕ್ಯವನ್ನು ಕೇಳಿಸಿಕೊಳ್ಳಲೇ ಇಲ್ಲ. “ಸೋಮ್ವಾರ ಹೇಳ್ದೆ ಕೇಳ್ದೆ ಹೋಗು. ಕಣ್ಣಾರೆ ನೋಡ್ಕೊಂಡ್ ಬಾ. ಗುರುವಾರ ಮಠದಲ್ಲಿ ಹಿರಿಯರ ಮುಂದೆ ಕೂತ್ಕೊಂಡು ಪಾಲಿನ ಮಾತಾಡೋದೈತೆ. ಅಂಗ್ಡಿ ಬಿಟ್ಟುಕೊಡು ಅಂತ ಹೇಳ್ಬೇಕಾದ್ರೆ ನನ್ ಕೈಲಿ ಏನಾದ್ರೂ ಇರ್ಬೇಕಲ್ಲ.”

ಅಜ್ಜಂಪುರದಲ್ಲಿ ಭಾವನವರು ಉಳಿಯುತ್ತಾರೋ ಇಲ್ಲವೋ ಎಂಬುದು ನಾನು ತರುವ ಮಾತಿನ ಮೇಲೆ ನಿಂತಿದೆ ಎಂದು ಆಗಲೇ ನನಗೆ ತಿಳಿದದ್ದು. ನನಗೂ ಅವರ ಮೇಲೆ ಸಂಶಯವಿತ್ತು ಎಂಬುದನ್ನು ಮುಚ್ಚಿಡಲಾರೆ. ‘ಯಾರ್ ಕೇಳಿದ್ರು’ ಎಂದು ಕೇಳುವ ಮನುಷ್ಯ ಏನನ್ನೋ ಬಚ್ಚಿಟ್ಟಿರುತ್ತಾನೆ ಎಂದುಕೊಂಡಿದ್ದೆ.

ಸೋಮವಾರ ಬೀರೂರಿನಲ್ಲಿ ಬಸ್ ಬದಲಿಸಿ ಅಜ್ಜಂಪುರಕ್ಕೆ ಹೋದೆ. ದಾರಿಯ ಎರಡೂ ಬದಿ ಈರುಳ್ಳಿ ಹೊಲ. ಯಾರೂ ಎತ್ತು ಹೂಡಿರಲಿಲ್ಲ. ಕಿಟಕಿಯಾಚೆ ನೋಡಿದರೂ ಅದು ನನ್ನ ತಲೆಗೆ ಹೋಗಲಿಲ್ಲ. ಹಳ್ಳಿಯಲ್ಲಿ ಬೆಳೆದವಳಾದರೂ ನಮ್ಮ ಮನೆಯಲ್ಲಿ ಉಳುವುದಕ್ಕೆ ಬಾಡಿಗೆ ಟ್ರಾಕ್ಟರು ಬರುತ್ತಿತ್ತು. ಅದಕ್ಕೆ ವಾರ, ತಿಥಿ ಯಾವುದೂ ಇರಲಿಲ್ಲ.

ಅಂಗಡಿಯಲ್ಲಿ ಭಾವನವರಿರಲಿಲ್ಲ. ಯಾವುದೋ ಹಳ್ಳಿಗೆ ಬೋರು ನೋಡಲು ಹೋಗಿದ್ದರು. ಕೌಂಟರಿನ ಹುಡುಗ ನನ್ನನ್ನು ತಡೆಯುವ ಮೊದಲೇ ಹಿಂದಿನ ವರ್ಕ್‌ಶಾಪಿಗೆ ನಡೆದೆ. ಒಳಗೆ ಕತ್ತಲೆ. ಕಬ್ಬಿಣ ಕಡೆಯುವ ಲೇತು, ತಂತಿ ಸುತ್ತುವ ಯಂತ್ರ, ಪೈಪಿಗೆ ತಿರುಪಿನ ಗೆರೆ ಕೊರೆಯುವ ಯಂತ್ರ ಎಲ್ಲದರ ಮೇಲೂ ಮೂರು ಬೆರಳ ವಿಭೂತಿ, ಒಂದೊಂದು ಬಿಲ್ವಪತ್ರೆ. ಗೋಡೆಯ ಮೇನ್ ಸ್ವಿಚ್ಚಿನ ಕೈ ಕೆಳಗಿತ್ತು. ಅದರ ಮೇಲೆ ಕುಂಕುಮ. ಮೂಲೆಯಲ್ಲಿ ನನ್ನ ಸರ್ವರ್ ಸದ್ದಿಲ್ಲದೆ ನಿಂತಿತ್ತು. ಅದಕ್ಕೂ ಮೂರು ಗೆರೆ ವಿಭೂತಿ ಎಳೆದಿದ್ದರು.

ನಾನು ಮೊದಲು ನೋಡಿದ್ದು ಪೆಟ್ಟಿಗೆಯ ಹಿಂದಿನ ಸ್ಕ್ರೂಗಳನ್ನು. ವರ್ಕ್‌ಶಾಪಿನ ವಾರ್ನಿಷ್ ಹಬೆ ಹಿಡಿದು ಧೂಳು ಅಂಟಂಟಾಗಿ ಕೂತಿತ್ತು. ಯಾರೂ ಮುಟ್ಟಿರಲಿಲ್ಲ.

“ಯಾರೇ ಅದು, ಕತ್ಲಲ್ಲಿ?”

ಹಿತ್ತಲ ಬಾಗಿಲಿನಿಂದ ಬಂದವರು ಯಜಮಾನರ ಅಕ್ಕ. ಅಂಗಡಿಯ ಹಿಂದೆಯೇ ಮನೆ. ನಾನು ಯಾರೆಂದು ಹೇಳಿ, ಸ್ವಿಚ್ಚು ಯಾಕೆ ಇಳಿಸಿದ್ದೀರಿ ಎಂದು ಕೇಳಿದೆ.

“ಸೋಮ್ವಾರ ಅಲ್ವೇನೇ? ಬಸವಣ್ಣನ ವಾರ. ಎತ್ತಿನ್ ಹೆಗಲ ಮೇಲೆ ನೊಗ ಇಡಲ್ಲ ಇವತ್ತು. ನಮ್ಮಪ್ಪ ಗಾಡಿ ಅಚ್ಚು ಮಾಡೋನು ಇಲ್ಲಿ. ಗಾಡಿ ಹೂಡದ ದಿನ ಗಾಡಿ ಅಚ್ಚು ತಿರುಗ್ಸೋ ಲೇತೂ ತಿರುಗ್ಬಾರ್ದು ಅಂತ ಅವನೇ ಮಾಡಿಟ್ಟಿದ್ದು. ಮುಂದ್ಗಡೆ ಯಾಪಾರ ಮಾಡ್ಲಿ, ಹಿಂದ್ಗಡೆ ಚಕ್ರ ತಿರುಗ್ಬಾರ್ದು.”

“ಈ ಕಂಪ್ಯೂಟರಿಗೂ?”

“ಅದ್ಕೇನು ಬೇರೆ ಜಾತೀನೇ? ಇಲ್ಲಿಟ್ಟೋಳು ನೀನು. ಸ್ವಿಚ್ಚು ಎಳೆದ್ರೆ ಅದೂ ಮಲಗ್ತದೆ. ಗುರ್ ಅಂತ ಒಳಗೆ ತಿರುಗ್ತಾನೇ ಇತ್ತಲ್ಲ, ಒಂದಿನ ಸುಧಾರಿಸ್ಕೊಳ್ಳಿ ಪಾಪ ಅಂತ ಇಬೂತಿನೂ ಹಚ್ಚಿದೆ.”

ಮೇನ್ ಸ್ವಿಚ್ಚು ಇಳಿದ ಮೇಲೆ, ನಾನು ಜೋಡಿಸಿದ್ದ ಯುಪಿಎಸ್ ಬ್ಯಾಟರಿ ಇದ್ದಷ್ಟು ಹೊತ್ತು ಸರ್ವರ್ ಓಡಿ, ಅದು ಮುಗಿದಾಗ ಧಡಕ್ಕನೆ ನಿಲ್ಲುತ್ತಿತ್ತು. ಕಡೂರಿನ ಪರದೆಯಲ್ಲಿ ಅದು ಕೆಂಪಾಗುತ್ತಿತ್ತು. ನನಗೆ ನಗುವೂ ನಾಚಿಕೆಯೂ ಒಟ್ಟಿಗೆ ಬಂದವು. “ಯಜಮಾನರಿಗೆ ಈ ಪದ್ಧತಿ ಗೊತ್ತಿಲ್ಲ ಅನ್ನಿಸುತ್ತೆ” ಎಂದೆ.

ಅವರು ನನ್ನನ್ನು ಅಡಿಯಿಂದ ಮುಡಿಯವರೆಗೆ ನೋಡಿದರು. “ಯಾರ್ಗೆ, ನಮ್ ತಮ್ಮಂಗಾ? ಚಿಕ್ಕೋನಿದ್ದಾಗ ಸೋಮ್ವಾರದ್ ದಿನ ಈ ಲೇತ್ ತಿರುಗ್ಸಿ, ಅಪ್ಪನ ಕೈಲಿ ಬೆನ್ ತುಂಬ ಏಟು ತಿಂದೋನು ಅವ್ನೇ ಕಣೇ! ನಾನೇ ಎಣ್ಣೆ ಹಚ್ಚಿದ್ದೆ.”

ನನ್ನ ನಗು ಅಲ್ಲೇ ನಿಂತುಹೋಯಿತು.

ಅಷ್ಟರಲ್ಲಿ ಭಾವನವರ ಬೈಕು ಬಂತು. ಅವರು ಒಳಗೆ ಬಂದು ನನ್ನನ್ನು ನೋಡಿ, ಹೆಂಡತಿಯನ್ನು ನೋಡಿ, ಹೆಲ್ಮೆಟ್ಟನ್ನು ಲೇತಿನ ಮೇಲೆ ಇಡಲು ಹೋಗಿ, ಬಿಲ್ವಪತ್ರೆ ಕಂಡು ಕೈಯಲ್ಲೇ ಹಿಡಿದುಕೊಂಡರು.

“ರಿಪೇರಿಗೆ ಬಂದಿದೀಯೋ, ಪತ್ತೇದಾರಿಕೆಗೋ?”

“ಎರಡಕ್ಕೂ ಸರ್” ಎಂದೆ. ಸುಳ್ಳು ಹೇಳುವಷ್ಟು ಧೈರ್ಯ ಉಳಿದಿರಲಿಲ್ಲ. “ಫೋನಿನಲ್ಲೇ ಈ ವಿಷಯ ಹೇಳಬಹುದಿತ್ತಲ್ಲ?”

“ಕರೆಂಟ್ ಹೋಗಿತ್ತಾ ಅಂದೆ. ಹೋಗಿರ್ಲಿಲ್ಲ, ಇಲ್ಲ ಅಂದೆ. ಸ್ವಿಚ್ ಇಳ್ಸಿದ್ರಾ ಅಂತ ಕೇಳಿದ್ರೆ ಹೌದು ಅಂತಿದ್ದೆ. ಅದೂ ಅಲ್ದೆ ಯಾರ್ ಪರವಾಗಿ ಕೇಳ್ತೀಯ ಅಂತ ನಂಗೊತ್ತಿಲ್ವಾ?”

“ಶಿವನಿ ರೋಡಲ್ಲಿ ಮಳಿಗೆ ನೋಡಿದ್ದೀರಂತೆ.”

ಅಕ್ಕ ಮುಖ ಆಚೆ ತಿರುಗಿಸಿದರು. ಭಾವನವರು ಮರೆಮಾಚಲಿಲ್ಲ. “ನೋಡಿದೀನಿ. ಯಾವತ್ತು ಗೊತ್ತಾ? ನೀನು ಈ ಪೆಟ್ಟಿಗೆ ಇಟ್ಟು ಹೋದ್ಯಲ್ಲ, ಅದ್ರ ಮಾರ್ನೇ ದಿನ. ನನ್ ಹೆಸ್ರು ಒಂದ್ ಬೆರಳಲ್ಲಿ ತೆಗೀಬೋದು ಅಂತ ನೀನೇ ಹೇಳ್ದೆ. ಎಬ್ಬಿಸಿದ್ ಮೇಲೆ ಎಲ್ಲಿ ಕೂರ್ಲಿ ನಾನು? ಬರ್ಕೊಂಡ್ ಹೋಗು, ಅದ್ನೂ ಬರ್ಕೋ.”

ವಾಪಸು ಬರುವಾಗ ಬಸ್ಸಿನಲ್ಲಿ ಬರೆಯಲಿಲ್ಲ. ಒಂದೇ ಪ್ರಶ್ನೆ ತಲೆಯಲ್ಲಿ ತಿರುಗುತ್ತಿತ್ತು. ಸೋಮವಾರ ಎಂದ ಕೂಡಲೇ ಯಜಮಾನರಿಗೆ ತಂದೆಯ ಏಟು ನೆನಪಾಗಿರಬೇಕಲ್ಲವೇ? ನೆನಪಾಗಿದ್ದರೆ ನನ್ನನ್ನು ಕಳಿಸಿದ್ದು ಯಾಕೆ?

ಮರುದಿನ ಬೆಳಿಗ್ಗೆ ಅವರ ಮೇಜಿನ ಮೇಲೆ ನನ್ನ ಹಳೆಯ ಮೇಲಿನ ಪ್ರಿಂಟು ಇತ್ತು. ‘ಯಾರೋ ಕೈಯಿಂದಲೇ ನಿಲ್ಲಿಸುತ್ತಿದ್ದಾರೆ’ ಎಂಬುದರ ಕೆಳಗೆ ಹಳದಿ ಗೆರೆ. ನಾನು ಕಂಡದ್ದನ್ನೆಲ್ಲ ಹೇಳಿದೆ. ಲೇತಿನ ಏಟಿನ ಕತೆಯನ್ನು ಮಾತ್ರ ಬಿಟ್ಟೆ. ಅವರು ಗೋಡೆಯ ಪರದೆಯತ್ತ ತಿರುಗಿದರು.

“ಹೌದಲ್ಲ. ಸೋಮ್ವಾರ. ಮರ್ತೇಬಿಟ್ಟಿದ್ದೆ ನೋಡು.”

ಆ ಮಾತನ್ನು ಎಷ್ಟೋ ಸಲ ಮನಸ್ಸಿನಲ್ಲಿ ತಿರುಗಿಸಿ ನೋಡಿದ್ದೇನೆ. ನಿಜವಾಗಿ ಮರೆತವರ ದನಿಯೋ, ಮರೆತೆ ಎಂದು ಹೇಳುವವರ ದನಿಯೋ ಇಂದಿಗೂ ಗೊತ್ತಿಲ್ಲ. ಕಡೂರಿನ ಅಂಗಡಿಯಲ್ಲಿ ಲೇತು ಇಲ್ಲ, ಸೋಮವಾರವೂ ಇಲ್ಲ. ಮರೆತಿದ್ದರೂ ಆಶ್ಚರ್ಯವಿಲ್ಲ.

“ಸರಿ, ಎರಡ್ ಸಾಲಲ್ಲಿ ಬರ್ಕೊಡು. ಸ್ವಿಚ್ಚು ಕೈಯಿಂದ ಇಳಿಸ್ತಾರೆ, ಪ್ರತಿ ಸೋಮ್ವಾರ, ಕಣ್ಣಾರೆ ನೋಡಿದೆ ಅಂತ.”

“ಯಾಕೆ ಇಳಿಸ್ತಾರೆ ಅನ್ನೋದು?”

“ಅದು ಮನೆ ವಿಷ್ಯ. ನಿಂಗ್ಯಾಕೆ? ನೀನು ಯಂತ್ರದ್ದು ಬರಿ.”

ಅವರು ಕೇಳಿದ ಎರಡು ಸಾಲೂ ನಿಜವೇ. ಹಳದಿ ಗೆರೆ ಎಳೆದ ಸಾಲೂ ನಿಜವಾಗಿತ್ತು. ನಿಜವಾದ ಸಾಲನ್ನು ಹಿಡಿದು ಒಬ್ಬರನ್ನು ಅಂಗಡಿಯಿಂದ ಎಬ್ಬಿಸಬಹುದು ಎಂಬುದು ನನಗೆ ಆವರೆಗೆ ತಿಳಿದಿರಲಿಲ್ಲ. ನನ್ನ ಮೇಜಿಗೆ ಬಂದು ಪೂರ್ತಿ ಬರೆದೆ. ಸರ್ವರನ್ನು ವರ್ಕ್‌ಶಾಪಿನ ಲೈನಿಗೆ ಕೊಟ್ಟದ್ದು, ಸ್ಥಾಪಕರ ಕಾಲದಿಂದ ಸೋಮವಾರ ಆ ಲೈನು ಇಳಿಸುವ ಪದ್ಧತಿ, ಪೆಟ್ಟಿಗೆ ಯಾರೂ ಬಿಚ್ಚದಿರುವುದು, ಮುಂದಿನ ಅಂಗಡಿಯಿಂದ ಬೇರೆ ಲೈನು ಎಳೆದರೆ ತೊಂದರೆ ತೀರುತ್ತದೆ ಎಂಬುದು. ಎಡವಟ್ಟಿನ ವರದಿ ಮೂರೂ ಕಡೆಗೆ ಹೋಗಬೇಕೆಂಬ ನನ್ನದೇ ನಿಯಮವನ್ನು ಒಮ್ಮೆ ಮುರಿದಿದ್ದೆ. ಈ ಸಲ ಮುರಿಯಲಿಲ್ಲ. ಕಳಿಸುವ ಗುಂಡಿ ಒತ್ತಿ, ಕೆಲಸ ಹೋಯಿತು ಎಂದುಕೊಂಡು ಊಟದ ಡಬ್ಬಿ ತೆಗೆದೆ.

ಕೆಲಸ ಹೋಗಲಿಲ್ಲ. ಯಜಮಾನರು ಆ ದಿನ ನನ್ನೊಂದಿಗೆ ಮಾತಾಡಲಿಲ್ಲ, ಅಷ್ಟೆ. ಗುರುವಾರ ಮಠದಲ್ಲಿ ಏನು ನಡೆಯಿತೆಂದು ನನಗೆ ಯಾರೂ ವಿವರವಾಗಿ ಹೇಳಲಿಲ್ಲ. ಭಾವನವರು ನನ್ನ ವರದಿಯನ್ನು ಫೋನಿನಲ್ಲಿ ತೋರಿಸಿದರಂತೆ. ಅಕ್ಕ ಲೇತಿನ ಕತೆ ಹೇಳಿದಾಗ ಕೂತಿದ್ದವರೆಲ್ಲ ನಕ್ಕರಂತೆ, ತಮ್ಮ ನಗಲಿಲ್ಲವಂತೆ. ಕೊನೆಗೆ ಆದ ತೀರ್ಮಾನ ಇಷ್ಟು: ಅಜ್ಜಂಪುರದ ಅಂಗಡಿ ಅಕ್ಕ ಭಾವನ ಹೆಸರಿಗೆ. ಆ ತಾಲ್ಲೂಕಿನ ರೈತರ ಮಾಹಿತಿಯೂ ಅವರಿಗೆ, ಉಳಿದದ್ದು ತಮ್ಮನಿಗೆ. ಭಾವನವರು ಶಿವನಿ ರೋಡಿನ ಮಳಿಗೆಗೆ ಕೊಟ್ಟ ಮಾತನ್ನು ವಾಪಸು ಪಡೆದರು.

ಹೀಗಾಗಿ ಆ ಮಾಹಿತಿಯನ್ನು ಕಾಪಿ ಮಾಡಿ ಅಜ್ಜಂಪುರಕ್ಕೆ ಕೊಡುವ ಕೆಲಸ ನನಗೇ ಬಂತು. ಒಂದು ಶನಿವಾರ ಕಡೂರಿನಲ್ಲಿ ಯಜಮಾನರೂ ಭಾವನವರೂ ನನ್ನ ಎರಡು ಪಕ್ಕ ಕುರ್ಚಿ ಹಾಕಿ ಕೂತರು. ಊರಿನ ಹೆಸರು ಹಿಡಿದು ಒಂದೊಂದನ್ನೇ ಬೇರ್ಪಡಿಸುತ್ತಿದ್ದೆ. ಅಂತರಘಟ್ಟೆ ಬಂದಾಗ ಯಜಮಾನರು, “ಅದು ಮೊದ್ಲು ತರೀಕೆರೆ ತಾಲ್ಲೂಕಲ್ವಾ? ತರೀಕೆರೆ ಅಂಗ್ಡಿಗೆ ಬರ್ಬೇಕು” ಎಂದರು.

“ಅಜ್ಜಂಪುರ ಪೂರಾ ತರೀಕೆರೆ ತಾಲ್ಲೂಕೇ ಆಗಿತ್ತು ಭಾಮೈದ. ಹಂಗಂತ ನನ್ನೂ ತಗೊಂಡೋಗ್ತೀಯಾ?”

“ನಿನ್ನ ಯಾರ್ ತಗೊಂಡೋಗ್ತಾರೆ? ನಮ್ಮಕ್ಕ ಒಬ್ಳು ತಗೊಂಡ್ ಸುಸ್ತಾದ್ಲು.”

ಇಬ್ಬರೂ ನಕ್ಕರು. ಕಣ್ಣು ಮಾತ್ರ ಪರದೆಯಿಂದ ಕದಲಲಿಲ್ಲ. ಯಜಮಾನರು ಫೋನು ಬಂದು ಹೊರಗೆ ಹೋದಾಗ ಭಾವನವರು ಪಿಸುಗುಟ್ಟಿದರು: “ಎಲ್ಲಾ ಬಂತಾಮ್ಮಾ? ಒಂದ್ ನಕಲು ಅವ್ನ ಹತ್ರಾನೂ ಇಟ್ಕೊಂಡಿಲ್ಲ ತಾನೆ?” ಭಾವನವರು ನೀರು ಕುಡಿಯಲು ಎದ್ದಾಗ ಯಜಮಾನರು ಕೇಳಿದರು: “ನಮ್ದೇನೂ ಆ ಕಡೆ ಹೋಗ್ಲಿಲ್ಲ ತಾನೆ?” ಇಬ್ಬರಿಗೂ ಇಲ್ಲ ಎಂದೆ. ಇಬ್ಬರೂ ನಂಬಿದಂತೆ ತಲೆಯಾಡಿಸಿದರು.

ಆಮೇಲೆ ಅಜ್ಜಂಪುರಕ್ಕೆ ಹೋಗಿ ಅಲ್ಲಿಯ ಸರ್ವರನ್ನು ಜಾಲದಿಂದ ಬಿಡಿಸಿ, ಮುಂದಿನ ಅಂಗಡಿಯ ಲೈನಿಗೆ ಕೂರಿಸಿ, ಎಲ್ಲ ಅಧಿಕಾರವನ್ನೂ ಭಾವನವರ ಹೆಸರಿಗೆ ಕೊಟ್ಟೆ. ಕೊನೆಯದಾಗಿ ನನ್ನ ಹೆಸರನ್ನು ನಾನೇ ತೆಗೆದೆ. ಅವರು ನೋಡುತ್ತಿದ್ದರು.

“ಇನ್ನೆಲ್ಲೂ ನಿನ್ನ ಕೀಲಿ ಇಲ್ವಲ್ಲ?”

“ಇಲ್ಲ ಸರ್.”

“ನಂಬ್ತೀನಮ್ಮ. ನೀನು ಆವತ್ತು ಬರೆದಿದ್ದಕ್ಕೇ ನಾನಿಲ್ಲಿ ಕೂತಿರೋದು.” ಅಕ್ಕನನ್ನು ಕೂಗಿ ಒಂದು ಚೀಲ ಈರುಳ್ಳಿ ಕಟ್ಟಿಸಿ ಕೊಟ್ಟರು.

ಮಂಗಳವಾರ ಅಜ್ಜಂಪುರದ ಕೌಂಟರಿನ ಹುಡುಗ ಬೇರೇನೋ ಕೇಳಲು ಫೋನು ಮಾಡಿದವನು ಹೇಳಿದ: ಹಿಂದಿನ ದಿನ ಚಿಕ್ಕಮಗಳೂರಿನಿಂದ ಯಾರನ್ನೋ ಕರೆಸಿ, ನಾನು ಏನಾದರೂ ಬಿಟ್ಟುಹೋಗಿದ್ದೇನೆಯೇ ಎಂದು ಇಡೀ ಸರ್ವರ್ ಜಾಲಾಡಿಸಿ, ಪಾಸ್‌ವರ್ಡ್‌ಗಳನ್ನೆಲ್ಲ ಬದಲಿಸಿದರಂತೆ. “ಬೇಜಾರಾಯ್ತಾ ಅಕ್ಕಾ?” ಎಂದ.

ಬೇಜಾರಾಗಿತ್ತು. ಆದರೆ ಕೆಲಸ ಬಿಟ್ಟುಹೋದವರ ಕೀಲಿಗಳನ್ನೆಲ್ಲ ಬದಲಿಸಬೇಕೆಂದು ಮೂರೂ ಅಂಗಡಿಗಳಿಗೆ ಬರೆದುಕೊಟ್ಟವಳು ನಾನೇ. ಭಾವನವರೊಬ್ಬರೇ ಅದನ್ನು ಓದಿದ್ದರು. ಸರಿಯಾಗಿಯೇ ಮಾಡಿದ್ದಾರೆ ಎಂದು ಅವನಿಗೆ ಹೇಳಿ, ಗೋಡೆಯ ಪರದೆಯಿಂದ ಮೂರನೆಯ ಚುಕ್ಕೆಯನ್ನು ಅಳಿಸಿದೆ.